ಕೊಲೆಗಾರನಿಗೆ ಪಿಯಾನೊ ಸಿಕ್ಕಿದ್ದು

1941ರಲ್ಲಿ ಪ್ರಕಟವಾದ ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ ‘ಹ್ಯಾಂಗೋವರ್ ಸ್ಕ್ವೇರ್’ ಕಾದಂಬರಿಯ ಜಾರ್ಜ್ ಹಾರ್ವಿ ಬೋನ್‌ಗೂ ಸಂಗೀತಕ್ಕೂ ಸಂಬಂಧವಿಲ್ಲ. ಗಾಲ್ಫ್ ಚೆನ್ನಾಗಿ ಆಡುತ್ತಾನೆ, ಅಷ್ಟೇ. ಕೆಲಸವಿಲ್ಲದ ಕುಡುಕ. ಆಗಾಗ ತಲೆಯೊಳಗೆ ಏನೋ ಕಳಚಿಕೊಂಡಂತಾಗಿ ಮಂಕು ಕವಿಯುತ್ತದೆ. ಆ ಮಂಕಿನಲ್ಲಿ ಅವನಿಗೆ ಇರುವುದು ಒಂದೇ ಯೋಚನೆ: ತನ್ನನ್ನು ಸತಾಯಿಸುವ ನಟಿ ನೆಟ್ಟಾಳನ್ನು ಕೊಂದು ಮೇಡನ್‌ಹೆಡ್‌ಗೆ ಹೋಗಿಬಿಡುವುದು. ಮೇಡನ್‌ಹೆಡ್ ಥೇಮ್ಸ್ ದಂಡೆಯ ಸಣ್ಣ ಊರು. ಹಿಂದೊಮ್ಮೆ ಸೋದರಿಯೊಂದಿಗೆ ಅಲ್ಲಿ ಸುಖವಾಗಿದ್ದ ನೆನಪು ಅವನಿಗೆ.

1939ರ ಸೆಪ್ಟೆಂಬರ್‌ನಲ್ಲಿ, ಬ್ರಿಟನ್ ಯುದ್ಧ ಸಾರುವ ಹೊತ್ತಿಗೆ, ಅವನು ನೆಟ್ಟಾಳನ್ನೂ ಅವಳ ಗೆಳೆಯ ಪೀಟರ್‌ನನ್ನೂ ಕೊಲ್ಲುತ್ತಾನೆ. ಮೇಡನ್‌ಹೆಡ್‌ಗೆ ಹೋಗಿ ನೋಡಿದರೆ ಅದು ಎಲ್ಲ ಊರಿನಂಥದೇ ಇನ್ನೊಂದು ಊರು. ಬೆಕ್ಕನ್ನು ಯಾರಾದರೂ ನೋಡಿಕೊಳ್ಳಿ ಎಂದು ಚೀಟಿ ಬರೆದಿಟ್ಟು ಗ್ಯಾಸ್ ತೆರೆದುಕೊಳ್ಳುತ್ತಾನೆ. ಯುದ್ಧದ ಸುದ್ದಿಯ ನಡುವೆ ಅವನ ಸಾವಿಗೆ ಪತ್ರಿಕೆಗಳಲ್ಲಿ ಸಿಗುವ ಜಾಗ ತೀರ ಕಡಿಮೆ.

ಹಾಲಿವುಡ್ಡಿನ ನಟ ಲೇರ್ಡ್ ಕ್ರೆಗರ್ ಈ ಪುಸ್ತಕವನ್ನು ಮೆಚ್ಚಿ, ಕೊಳ್ಳಿ ಎಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನವರಿಗೆ ಒತ್ತಾಯಿಸಿದ. ಅವರು ಕೊಂಡರು. ಆದರೆ ಚಿತ್ರಕಥೆ ಸಿದ್ಧವಾಗುವಷ್ಟರಲ್ಲಿ ಕಾಲ 1903ಕ್ಕೆ ಹಿಂದೆ ಸರಿದಿತ್ತು, ಬೋನ್ ಸಂಗೀತ ಸಂಯೋಜಕನಾಗಿದ್ದ! ಶೀರ್ಷಿಕೆಯ ಚೌಕ ಪುಸ್ತಕದಲ್ಲಿ ಬರಿಯ ಶ್ಲೇಷೆ, ಲಂಡನ್ನಿನ ಹ್ಯಾನೋವರ್ ಚೌಕವನ್ನು ತಿರುಚಿದ್ದು. ಸಿನಿಮಾದಲ್ಲಿ ಅದು ಅವನ ಮನೆಯ ವಿಳಾಸ. (ಕನ್ನಡಕ್ಕೆ ಅನುವಾದಿಸುವವರು ಆ ಶೀರ್ಷಿಕೆಯಲ್ಲೇ ಸೋಲುತ್ತಾರೆ.)

ನನ್ನ ತಕರಾರು ಆ ಪಿಯಾನೊದ ಬಗ್ಗೆ. ಪುಸ್ತಕದ ಪೀಟರ್ ಫ್ಯಾಸಿಸ್ಟ್, ಜೈಲು ಕಂಡವನು. ನೆಟ್ಟಾಳಿಗೂ ಆ ಸಮವಸ್ತ್ರಗಳ ಮೋಹ. ಕುಡಿತ, ನಿರುದ್ಯೋಗ, ಫ್ಯಾಸಿಸಂ ಎಲ್ಲ ಕೂಡಿ ಕೊಳೆಯುತ್ತಿದ್ದ ಅರ್ಲ್ಸ್ ಕೋರ್ಟ್ ಬಡಾವಣೆಯ ಕಥೆ ಅದು. ಸಿನಿಮಾದಲ್ಲಿ ಅದೆಲ್ಲ ಮಾಯ. ಈಗ ಅಪಸ್ವರದ ಸದ್ದು ಕೇಳಿದರೆ ಬೋನ್‌ಗೆ ಮಂಕು ಕವಿಯುತ್ತದೆ. ನೆಟ್ಟಾ ಅವನಿಂದ ಹಾಡು ಬರೆಸಿಕೊಂಡು ಮೇಲೇರುವ ಗಾಯಕಿ. ಅವನ ಮಹಾಕೃತಿಗೆ ಅಡ್ಡಬಂದವಳು ಎಂದಾದಮೇಲೆ ಅವಳ ಕೊಲೆಗೆ ಪ್ರೇಕ್ಷಕ ಅರ್ಧ ಒಪ್ಪಿಗೆ ಕೊಟ್ಟೇಬಿಟ್ಟಿರುತ್ತಾನೆ. ಗೈ ಫಾಕ್ಸ್ ಹಬ್ಬದ ರಾತ್ರಿ ಬೋನ್ ಅವಳ ಹೆಣವನ್ನು ಬೆಂಕಿಯ ರಾಶಿಯ ಮೇಲಿಟ್ಟು ಬರುತ್ತಾನೆ. ಸುತ್ತ ಜನ ಕುಣಿಯುತ್ತಿರುತ್ತಾರೆ. ನೋಡುವ ನಮಗೆ ಮಾತ್ರ ಕಾನ್ಸರ್ಟೊ ಮುಗಿಯುವುದೋ ಇಲ್ಲವೋ ಎಂಬ ಆತಂಕ. ಸಾಮಾನ್ಯ ಕುಡುಕನಿಗೆ ಇಷ್ಟು ರಿಯಾಯಿತಿ ಸಿಗುತ್ತಿತ್ತೇ?

ಆದರೂ ಬರ್ನಾರ್ಡ್ ಹರ್ಮನ್ ಬರೆದ ಆ ಕಾನ್ಸರ್ಟೊ ಅದ್ಭುತವಾಗಿದೆ ಎಂದು ಒಪ್ಪಲೇಬೇಕು. ಕಟ್ಟಡಕ್ಕೆ ಬೆಂಕಿ ಬಿದ್ದು ವಾದ್ಯಗಾರರು ಓಡಿಹೋದ ಮೇಲೂ ಬೋನ್ ನುಡಿಸುತ್ತಾನೆ. ಅದಕ್ಕೆ ತಕ್ಕಂತೆ ಕೃತಿ ಒಂಟಿ ಪಿಯಾನೊದಲ್ಲಿ ಮುಗಿಯುತ್ತದೆ.

ಕ್ರೆಗರ್‌ಗೆ ಇದನ್ನು ನೋಡುವ ಭಾಗ್ಯವಿರಲಿಲ್ಲ. ದಡೂತಿ ಖಳನ ಪಾತ್ರಗಳು ಸಾಕಾಗಿ, ನಾಯಕನಾಗಬೇಕೆಂದು ಅತಿವೇಗದಲ್ಲಿ ಮೈ ಇಳಿಸಿಕೊಂಡಿದ್ದ. 1944ರ ಡಿಸೆಂಬರ್‌ನಲ್ಲಿ, 31ನೇ ವಯಸ್ಸಿನಲ್ಲಿ, ಹೃದಯ ನಿಂತಿತು. ಚಿತ್ರ ಬಿಡುಗಡೆಯಾದದ್ದು 1945ರ ಫೆಬ್ರವರಿಯಲ್ಲಿ.

ಅದನ್ನು ನೋಡಿದ ಹುಡುಗರಲ್ಲಿ ಸ್ಟೀಫನ್ ಸಾಂಡ್‌ಹೈಮ್ ಒಬ್ಬ. ಸಂಗೀತ ಕೇಳಿ ಮರುಳಾಗಿ ಹರ್ಮನ್‌ಗೆ ಪತ್ರ ಬರೆದ. 1979ರಲ್ಲಿ ಅವನದೇ ‘ಸ್ವೀನಿ ಟಾಡ್’ ಬ್ರಾಡ್‌ವೇ ರಂಗಕ್ಕೆ ಬಂತು. ಅಲ್ಲಿ ಕತ್ತು ಕುಯ್ಯುವ ಕ್ಷೌರಿಕನೂ ಹಾಡುತ್ತಾನೆ.