ಹಳೆಯ ತುತ್ತೂರಿಗೆ ಹೊಳಪು ಬೇಕೆ?

ಹಿತ್ತಾಳೆ ಪಾತ್ರೆ ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೀರಿ. ಹುಣಸೆಯ ಆಮ್ಲ ಮೇಲ್ಮೈಯ ಆಕ್ಸೈಡನ್ನು ಕರಗಿಸುತ್ತದೆ, ಪಾತ್ರೆ ಥಳಥಳಿಸುತ್ತದೆ. ಆ ಹಿತ್ತಾಳೆ ಮುನ್ನೂರು ವರ್ಷ ಹಳೆಯ ತುತ್ತೂರಿಯದಾಗಿದ್ದರೆ?

17 ಮತ್ತು 18ನೆಯ ಶತಮಾನಗಳಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರ ತುತ್ತೂರಿ ತಯಾರಿಕೆಗೆ ಯೂರೋಪಿನಲ್ಲೆಲ್ಲ ಹೆಸರಾಗಿತ್ತು. ಅಲ್ಲಿನ ಕುಶಲಿಗಳು ವಾದ್ಯದ ಬಾಯಂಚಿನ ಪಟ್ಟಿಯ ಮೇಲೆ ತಮ್ಮ ಹೆಸರನ್ನೂ ಗುರುತನ್ನೂ ಕೊರೆಯುತ್ತಿದ್ದರು. ಹಾಸ್ ಮನೆತನದ ಗುರುತು ನೆಗೆಯುವ ಮೊಲ. ಜರ್ಮನ್ ಭಾಷೆಯಲ್ಲಿ ಹಾಸೆ ಎಂದರೆ ಮೊಲವೇ. ಈ ತುತ್ತೂರಿಗಳಿಗೆ ಕವಾಟಗಳಿರಲಿಲ್ಲ. ಸುಮಾರು ಏಳು ಅಡಿ ಕೊಳವೆಯನ್ನು ಮಡಿಚಿದ್ದು, ಅಷ್ಟೆ. ಹಿತ್ತಾಳೆ ತಗಡನ್ನು ಸುತ್ತಿ, ಅಂಚುಗಳನ್ನು ಬೆಸೆದು, ಸುತ್ತಿಗೆಯಿಂದ ಬಡಿದು ರೂಪಿಸುತ್ತಿದ್ದರು. ಆದರೆ ಕೊಳವೆಗಳು ಕೂಡುವ ಸಂದುಗಳಿಗೆ ಬೆಸುಗೆಯಿಲ್ಲ. ಒಂದರೊಳಗೊಂದು ತೂರಿಸಿ ಜೇನುಮೇಣ ಮೆತ್ತುತ್ತಿದ್ದರು. ಬೇಕೆಂದಾಗ ಬಿಚ್ಚಿ ಸರಿಪಡಿಸಬಹುದಿತ್ತು. ಇದನ್ನರಿಯದ ನಂತರದ ರಿಪೇರಿಗಾರರು ಸಂದುಗಳನ್ನು ಬೆಸೆದುಬಿಟ್ಟದ್ದುಂಟು.

1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಪ್ರಷ್ಯಾದಲ್ಲಿ ಕವಾಟಕ್ಕೆ ಪೇಟೆಂಟ್ ಪಡೆದರು. ಕವಾಟದ ವಾದ್ಯಗಳು ಹರಡಿದಂತೆ ಹಳೆಯವು ಮೂಲೆ ಸೇರಿದವು. ಅವಕ್ಕೆ ಮತ್ತೆ ಬೆಲೆ ಬಂದದ್ದು ಸಂಗ್ರಹಕಾರರಿಂದ. ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯ ಆರಂಭವಾದದ್ದು 1877ರಲ್ಲಿ. (ಅದರ ಮೊದಲ ಸಂಗ್ರಹಗಳಲ್ಲಿ ಬಂಗಾಳದ ಸೌರೀಂದ್ರ ಮೋಹನ ಟ್ಯಾಗೋರ್ ಬೆಲ್ಜಿಯಂ ದೊರೆಗೆ ಕೊಟ್ಟ ಭಾರತೀಯ ವಾದ್ಯಗಳೂ ಇದ್ದವು.)

ಬೆಲೆ ಬಂದಮೇಲೆ ನಕಲಿಯ ಭಯವೂ ಇದ್ದೇ ಇರುತ್ತದೆ. ಇಲ್ಲಿ ರಸಾಯನವಿಜ್ಞಾನ ನೆರವಿಗೆ ಬರುತ್ತದೆ. ಸತುವಿನ ಕುದಿಬಿಂದು 907° ಸೆಲ್ಸಿಯಸ್. ಅದಿರನ್ನು ಕಾಯಿಸಿ ಅಪಕರ್ಷಿಸಿದರೆ ಸತುವು ಆವಿಯಾಗಿ ಹೊರಟು, ಗಾಳಿ ತಗುಲಿ ಮತ್ತೆ ಆಕ್ಸೈಡಾಗುತ್ತದೆ. ಆದ್ದರಿಂದ ಯೂರೋಪಿನವರು ತಾಮ್ರ, ಕ್ಯಾಲಮೈನ್ ಅದಿರು ಮತ್ತು ಇದ್ದಿಲಿನ ಪುಡಿಯನ್ನು ಮುಚ್ಚಿದ ಮೂಸೆಯಲ್ಲಿ ಕಾಯಿಸಿ, ಆ ಆವಿಯನ್ನು ತಾಮ್ರವೇ ಹೀರುವಂತೆ ಮಾಡುತ್ತಿದ್ದರು. ಈ ವಿಧಾನದಲ್ಲಿ ಸತುವು ಶೇ. 30ನ್ನು ದಾಟುವುದು ಕಷ್ಟ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತುವನ್ನು ಬಟ್ಟಿಯಿಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ನಮ್ಮ ರಾಜಸ್ಥಾನದ ಜಾವರ್‌ನಲ್ಲಿ ಅದಕ್ಕೆ ಶತಮಾನಗಳ ಮೊದಲೇ ಆ ಕೆಲಸ ನಡೆದಿತ್ತು! 1690 ಎಂದು ಕೊರೆದಿರುವ ತುತ್ತೂರಿಯಲ್ಲಿ ಶೇ. 37 ಸತುವು ಕಂಡರೆ ನೀವು ಸಂಶಯಪಡಬೇಕು. ಒಂದು ಕೊಳವೆ ಮಾತ್ರ ಹಾಗಿದ್ದರೆ ಅದು ನಂತರ ಸೇರಿಸಿದ್ದಿರಬಹುದು.

ವಾದ್ಯವನ್ನು ಕತ್ತರಿಸದೆ ಇದನ್ನು ಅಳೆಯಲು ಎಕ್ಸ್-ಕಿರಣ ಪ್ರತಿದೀಪ್ತಿ ಸಾಕು. ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ಹಿತ್ತಾಳೆಯ ಮೇಲ್ಪದರದಿಂದ ಸತುವು ಕಾಲಕ್ರಮೇಣ ಕರಗಿಹೋಗುವುದರಿಂದ ಎಣಿಕೆ ಕಡಿಮೆ ಬರಬಹುದು. ಊದುವವರ ಉಸಿರಿನ ತೇವ, ಎಂಜಲು ಕೊಳವೆಯೊಳಗೆ ನಿಂತಾಗಲೂ ಇದೇ ಕಾಟ: ಸತುವು ಹೋಗಿ ರಂಧ್ರಮಯ ತಾಮ್ರ ಉಳಿಯುತ್ತದೆ. ಹೊರಗೆ ಕೆಂಪು ಚುಕ್ಕೆ ಕಾಣುವ ಹೊತ್ತಿಗೆ ಒಳಗೆ ಲೋಹ ಟೊಳ್ಳಾಗಿರುತ್ತದೆ.

ಹಾಗಾದರೆ ಹಳೆಯ ತುತ್ತೂರಿಯನ್ನು ಊದಬೇಕೆ? ಮೂಗವಾದ್ಯ ವಾದ್ಯವೇ ಅಲ್ಲ ಎನ್ನುವ ಸಂಗೀತಗಾರರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ನನ್ನ ಒಲವು ಊದದಿರುವ ಕಡೆಗೆ. ತಿಕ್ಕಿದರೆ ಮೊಲದ ಗುರುತು ಸವೆಯುತ್ತದೆ. ತಗ್ಗುಗಳನ್ನು ಬಡಿದು ತೆಗೆದರೆ ಮೂಲ ಸುತ್ತಿಗೆಯ ಪೆಟ್ಟುಗಳು ಅಳಿಸುತ್ತವೆ. ಬೆಸೆದರೆ ಜೇನುಮೇಣದ ಸಾಕ್ಷ್ಯ ಹೋಗುತ್ತದೆ. ಕೆನಡಾದ ಸಂರಕ್ಷಣಾ ತಜ್ಞ ರಾಬರ್ಟ್ ಬಾರ್ಕ್ಲಿ ಹಿಡಿದ ದಾರಿ ಬೇರೆ. ಮೂಲ ವಾದ್ಯಗಳಲ್ಲಿ ಉಳಿದ ಇಂಥ ಗುರುತುಗಳನ್ನು ಓದಿ ನ್ಯೂರೆಂಬರ್ಗ್‌ನ ತಯಾರಿಕಾ ಕ್ರಮವನ್ನು ಅವರು 1992ರಲ್ಲಿ ಗ್ರಂಥವಾಗಿಸಿದರು. ತಗಡು, ಸುತ್ತಿಗೆ ಹಿಡಿದು ಹೊಸ ತುತ್ತೂರಿಗಳನ್ನೇ ಮಾಡುವುದನ್ನು ಆಸಕ್ತರಿಗೆ ಕಲಿಸಿದರು. ಊದುವುದು ಅವನ್ನು.