ಹೂವು ಚೆಂದ ಅಂತ ತಂದರು

ಮಾರತ್ತಹಳ್ಳಿಯ ಒಂದು ಕಡೆ ಬೆಳ್ಳಂದೂರು ಕೆರೆ, ಇನ್ನೊಂದು ಕಡೆ ವರ್ತೂರು ಕೆರೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ದೇಶವೇ ಈ ಕಡೆ ತಿರುಗಿ ನೋಡಿತು. ಬೆಂಕಿ ಸುದ್ದಿಯಾಗುತ್ತೆ, ನೊರೆ ಸುದ್ದಿಯಾಗುತ್ತೆ. ನೀರೇ ಕಾಣದ ಹಾಗೆ ಹಾಸಿಕೊಂಡ ಹಸಿರು ಸುದ್ದಿಯಾಗಲ್ಲ.

ಜನ ಅದನ್ನು ಅಂತರಗಂಗೆ ಅಂತಾರೆ. ಹೆಸರು ಕೇಳಿದರೆ ಪುರಾಣಕಾಲದಿಂದ ಇಲ್ಲೇ ಇತ್ತೇನೋ ಅನ್ನಿಸಬೇಕು. ಅಲ್ಲ ಸ್ವಾಮಿ. ಇದು ವಾಟರ್ ಹಯಸಿಂತ್, ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಗಿಡ. 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂತು. ಯಾಕೆ ತಂದರು? ತಿನ್ನೋಕಲ್ಲ, ಔಷಧಿಗಲ್ಲ. ನೇರಳೆ ಹೂವು ಚೆಂದ, ಕೊಳದಲ್ಲಿದ್ದರೆ ನೋಡೋಕೆ ಸೊಗಸು, ಅಷ್ಟೇ.

ಮುಂದಿನದು ರಾಜಕೀಯ, ಅಂದರೆ ನನ್ನ ಸೀಮೆ. ಬಂಗಾಳದಲ್ಲಿ ದೋಣಿ ದಾರಿ ಕಟ್ಟಿತು, ಭತ್ತದ ಗದ್ದೆಗೆ ನುಗ್ಗಿತು, ಮೀನುಗಾರರ ಹೊಟ್ಟೆಗೆ ಹೊಡೆಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಜನ ಅದಕ್ಕೆ ಜರ್ಮನ್ ಕಳೆ ಅಂತ ಹೆಸರಿಟ್ಟರು. ಶತ್ರುವೇ ತಂದು ಬಿಟ್ಟ ಅನ್ನೋ ಗಾಳಿಮಾತು ಬೇರೆ! 1936ರಲ್ಲಿ ಈ ಒಂದು ಗಿಡದ ವಿರುದ್ಧವೇ ಕಾಯ್ದೆ ಬಂತು. 1937ರ ಚುನಾವಣೆಯಲ್ಲಿ ಪಕ್ಷಗಳು ಇದನ್ನು ಕೀಳಿಸುವ ಭರವಸೆ ಕೊಟ್ಟವು. ಗೆದ್ದ ಮೇಲೆ ಫಜಲುಲ್ ಹಕ್ ಸರ್ಕಾರ ಜನರನ್ನು ನೀರಿಗಿಳಿಸಿ ಕೀಳಿಸಿತು ಕೂಡ. ಗಿಡ ಇವತ್ತಿಗೂ ಇದೆ.

ಯಾಕೆ ಹೋಗಲ್ಲ? ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಒಳ್ಳೆ ಪೋಷಣೆ ಸಿಕ್ಕರೆ ಇದು ಸುಮಾರು 2 ವಾರಕ್ಕೆ ದುಪ್ಪಟ್ಟಾಗುತ್ತೆ. ಒಂದು ಗಿಡ 10 ಸಲ ದುಪ್ಪಟ್ಟಾದರೆ 1,024. ಅಂದರೆ 5 ತಿಂಗಳೂ ಬೇಡ. ಇವತ್ತು ಅರ್ಧ ಕೆರೆ ಮುಚ್ಚಿದೆ ಅಂತ ಅಧಿಕಾರಿ ಫೈಲ್ ಬರೆದು ಮೇಲಕ್ಕೆ ಕಳಿಸಿದರೆ, ಸಹಿಯಾಗಿ ಬರುವಷ್ಟರಲ್ಲಿ ಪೂರ್ತಿ ಮುಚ್ಚಿರುತ್ತೆ. ಉದುರಿದ ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತೆ.

ಇದಕ್ಕೆ ಮದ್ದು ಹುಡುಕಿದವರು ನಮ್ಮ ಊರಲ್ಲೇ ಇದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಈ ಗಿಡವನ್ನೇ ತಿನ್ನುವ ಮೂತಿ ಹುಳುವನ್ನು ಹೊರದೇಶದಿಂದ ತರಿಸಿದರು. ಇದೂ ಪರದೇಶಿಯೇ! ಆದರೆ ತಂದ ರೀತಿ ನೋಡಿ. ಮೊದಲು ಬೇರೆ ಇಟ್ಟು, ನಮ್ಮ ಬೆಳೆಗೆ ಬಾಯಿ ಹಾಕುತ್ತಾ ಅಂತ ಪರೀಕ್ಷಿಸಿ, ಆಮೇಲೆ ಕೆರೆಗೆ ಬಿಟ್ಟರು. ಹೆಬ್ಬಾಳ ಸೇರಿ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಗಿಡ ಬಿದ್ದುಹೋಯಿತು.

ಆಮೇಲೆ ನಗರ ಬೆಳೆಯಿತು. ಅಪಾರ್ಟ್‌ಮೆಂಟು, ಟೆಕ್ ಪಾರ್ಕು ಬಂದವು. ಸಂಸ್ಕರಿಸದ ಕೊಳಚೆ ಕೆರೆಗೆ ಇಳಿಯಿತು. ಅದರಲ್ಲಿರುವ ಸಾರಜನಕ, ರಂಜಕವೇ ಈ ಗಿಡಕ್ಕೆ ಬಿಟ್ಟಿ ಗೊಬ್ಬರ. ಹುಳು ತಿನ್ನುವ ವೇಗಕ್ಕಿಂತ ಗಿಡ ಬೆಳೆಯುವ ವೇಗ ಹೆಚ್ಚಾದರೆ ಹುಳು ಏನು ಮಾಡೀತು ಪಾಪ? ಮೇಲಾಗಿ, ಯಂತ್ರ ತಂದು ಕಳೆ ಎತ್ತಿದಾಗ ಎಲೆಯ ಮೇಲಿದ್ದ ಹುಳುವೂ ಲಾರಿ ಹತ್ತುತ್ತೆ. ಟೆಂಡರ್ ಮಾತ್ರ ಮತ್ತೆ ಕರೀತಾರೆ.

ಅಂದಹಾಗೆ, ಬಾಲ್ಕನಿಯ ತೊಟ್ಟಿಗೆ ಚೆಂದ ಅಂತ ಈ ಗಿಡವನ್ನು ಈಗಲೂ ಆನ್‌ಲೈನ್‌ನಲ್ಲಿ ಮಾರುತ್ತಾರೆ.