ನೊಬೆಲ್ ಉಯಿಲಿನ ಕಥೆ

ನಮ್ಮ ನಾಡಿನ ಅನೇಕ ದಾನಶಾಸನಗಳ ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕವಿರುತ್ತದೆ. ದಾನ ಕೊಡುವುದು ಮತ್ತು ಕೊಟ್ಟ ದಾನವನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ. ದಾನಿ ಕಣ್ಮರೆಯಾದ ಮೇಲೆ ಅವನ ಮಾತನ್ನು ನಡೆಸಬೇಕಾದವರು ಉಳಿದವರೇ ಅಲ್ಲವೇ? ಈ ಮಾತು ಎಷ್ಟು ನಿಜವೆಂಬುದನ್ನು ಯುರೋಪಿನ ಒಂದು ಪ್ರಸಿದ್ಧ ಉಯಿಲಿನ ಚರಿತ್ರೆಯೂ ತೋರಿಸಿಕೊಡುತ್ತದೆ.

ಉಯಿಲು ಎಂದರೆ ತನ್ನ ಮರಣಾನಂತರ ಆಸ್ತಿ ಯಾರಿಗೆ ಸೇರಬೇಕೆಂದು ವ್ಯಕ್ತಿ ಬರೆದಿಡುವ ಪತ್ರ. ಡೈನಮೈಟ್ ಕಂಡುಹಿಡಿದ ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಅವರು 1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಇಂತಹ ಪತ್ರಕ್ಕೆ ಸಹಿ ಹಾಕಿದರು. ನಾಲ್ವರು ಸಾಕ್ಷಿಗಳಿದ್ದರು, ವಕೀಲರ ನೆರವು ಪಡೆದಿರಲಿಲ್ಲ. ಅವಿವಾಹಿತರಾಗಿದ್ದ ಅವರು ಬಂಧುಗಳಿಗೂ ಕೆಲವು ಆಪ್ತರಿಗೂ ಒಂದಿಷ್ಟು ಹಣವಿಟ್ಟು, ಉಳಿದ ಅಪಾರ ಸಂಪತ್ತನ್ನು ನಿಧಿಯಾಗಿಸಬೇಕೆಂದು ಬರೆದರು. ಅದರ ಬಡ್ಡಿಯಿಂದ ಪ್ರತಿ ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಸಾಹಿತ್ಯ ಹಾಗೂ ಶಾಂತಿಗಾಗಿ ದುಡಿದವರಿಗೆ ಬಹುಮಾನ ಸಲ್ಲಬೇಕು. ಆಯ್ಕೆಯಲ್ಲಿ ದೇಶಭೇದ ಇರಕೂಡದು ಎಂದು ಸೂಚಿಸಿದರು.

1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊದಲ್ಲಿ ನೊಬೆಲ್ ನಿಧನರಾದರು. ಉಯಿಲು ಬಹಿರಂಗವಾದಾಗ ತೊಡಕುಗಳೂ ಹೊರಬಿದ್ದವು. ಹಣವನ್ನು ಪಡೆಯಬೇಕಾದ ಸಂಸ್ಥೆಯೇ ಅಸ್ತಿತ್ವದಲ್ಲಿರಲಿಲ್ಲ. ಬಹುಮಾನ ಕೊಡುವ ಹೊಣೆಯನ್ನು ಸ್ಟಾಕ್‌ಹೋಮ್‌ನ ವಿದ್ವತ್ ಸಂಸ್ಥೆಗಳಿಗೂ, ಶಾಂತಿ ಬಹುಮಾನದ ಹೊಣೆಯನ್ನು ನಾರ್ವೆಯ ಸಂಸತ್ತು ಆರಿಸುವ ಸಮಿತಿಗೂ ವಹಿಸಿದ್ದರು. ಆದರೆ ಮೊದಲೇ ಅವರ ಒಪ್ಪಿಗೆ ಪಡೆದಿರಲಿಲ್ಲ. ಸ್ವೀಡನ್ನಿನ ಹಣ ಪರದೇಶಗಳ ಪಾಲಾಗುವುದೇ ಎಂದು ಪತ್ರಿಕೆಗಳಲ್ಲಿ ಟೀಕೆ ಬಂತು. ಬಂಧುಗಳಲ್ಲಿ ಕೆಲವರು ಉಯಿಲನ್ನೇ ಪ್ರಶ್ನಿಸಿದರು.

ಇಷ್ಟನ್ನೂ ಬಗೆಹರಿಸುವ ಭಾರ ಉಯಿಲಿನ ನಿರ್ವಾಹಕರ ಮೇಲೆ ಬಿತ್ತು. ಅವರಲ್ಲೊಬ್ಬರು ರಾಗ್ನರ್ ಸೋಲ್ಮನ್. ನೊಬೆಲ್‌ರ ಸಹಾಯಕರಾಗಿದ್ದ 26 ವರ್ಷದ ತರುಣ. ಆಸ್ತಿ ಹಲವು ದೇಶಗಳಲ್ಲಿ ಹರಡಿತ್ತು. ನೊಬೆಲ್ ಬಹುಕಾಲ ನೆಲೆಸಿದ್ದ ಪ್ಯಾರಿಸ್ಸೇ ಅವರ ಕಾಯಂ ವಾಸಸ್ಥಳವೆಂದು ತೀರ್ಮಾನವಾದರೆ, ಫ್ರಾನ್ಸಿನ ನ್ಯಾಯಾಲಯದಲ್ಲಿ ಉಯಿಲು ಬಿದ್ದುಹೋಗುವ ಭಯವಿತ್ತು. ಆದ್ದರಿಂದ ಸೋಲ್ಮನ್ ಅಲ್ಲಿನ ಬ್ಯಾಂಕಿನಲ್ಲಿದ್ದ ಷೇರುಪತ್ರ, ಸಾಲಪತ್ರಗಳನ್ನು ಕುದುರೆಗಾಡಿಯಲ್ಲಿ ಹೇರಿಕೊಂಡು, ಕಳ್ಳರ ಭಯಕ್ಕೆ ಕೈಯಲ್ಲಿ ಪಿಸ್ತೂಲು ಹಿಡಿದು ಸಾಗಿಸಿ, ಕಂತುಕಂತಾಗಿ ದೇಶದಾಚೆಗೆ ಕಳುಹಿಸಿದರು. ಕೊನೆಗೆ ಸ್ವೀಡನ್ನಿನ ಬೊಫೋರ್ಸ್‌ನಲ್ಲಿದ್ದ ಮನೆಯೇ ನೊಬೆಲ್‌ರ ವಾಸಸ್ಥಳವೆಂದು ಮಾನ್ಯವಾಯಿತು.

ಇಲ್ಲಿ ಇನ್ನೊಬ್ಬರನ್ನು ಮರೆಯಲಾಗದು. ಅವರು ನೊಬೆಲ್‌ರ ಅಣ್ಣನ ಮಗ ಎಮಾನುಯೆಲ್. ರಷ್ಯಾದಲ್ಲಿ ಕುಟುಂಬದ ತೈಲ ಉದ್ಯಮವನ್ನು ನಡೆಸುತ್ತಿದ್ದ ಅವರಿಗೆ ಉಯಿಲಿನಿಂದ ನಷ್ಟವೇ ಹೆಚ್ಚು. ಉಯಿಲಿನ ನಿರ್ವಾಹಕನಿಗೆ ರಷ್ಯನ್ ಭಾಷೆಯಲ್ಲಿರುವ ಪದಕ್ಕೆ ‘ಆತ್ಮದ ಪ್ರತಿನಿಧಿ’ ಎಂಬ ಅರ್ಥವಿದೆಯೆಂದು ಸೋಲ್ಮನ್‌ಗೆ ತಿಳಿಸಿ, ಅದಕ್ಕೆ ತಕ್ಕಂತೆ ನಡೆಯಬೇಕೆಂದು ಹೇಳಿದವರು ಅವರೇ. 1898ರಲ್ಲಿ ರಾಜ ಎರಡನೆಯ ಆಸ್ಕರ್ ಸ್ವತಃ ಕರೆಸಿ, ಉಯಿಲನ್ನು ಬದಲಿಸಲು ಒತ್ತಾಯಿಸಿದಾಗಲೂ ಅವರು ಮಣಿಯಲಿಲ್ಲ. ತಮಗೆ ಸಲ್ಲಬೇಕಾದ ಹಣವನ್ನು ನೊಬೆಲ್ ಮನೆಯವರು ಕಸಿದುಕೊಂಡರೆಂದು ಮುಂದೆ ವಿಜ್ಞಾನಿಗಳು ದೂರುವಂತಾಗಬಾರದು ಎಂಬುದು ಅವರ ಉತ್ತರವಾಗಿತ್ತು. ಅದೇ ವರ್ಷ ಉಳಿದ ಬಂಧುಗಳೊಡನೆಯೂ ರಾಜಿಯಾಯಿತು.

1900ರ ಜೂನ್ 29ರಂದು ನೊಬೆಲ್ ಪ್ರತಿಷ್ಠಾನದ ನಿಯಮಗಳಿಗೆ ಅದೇ ರಾಜರ ಅಂಕಿತ ಬಿದ್ದಿತು. ಮೂರು ಕೋಟಿ ಹತ್ತು ಲಕ್ಷ ಕ್ರೋನರ್‌ಗೂ ಮೀರಿದ ಸಂಪತ್ತು ಅದರ ಮೂಲಧನವಾಯಿತು. 1901ರ ಡಿಸೆಂಬರ್ 10ರಂದು, ದಾನಿಯ ಪುಣ್ಯತಿಥಿಯಂದು, ಮೊದಲ ಬಹುಮಾನಗಳನ್ನು ನೀಡಲಾಯಿತು. ಕ್ಷಕಿರಣಗಳನ್ನು ಕಂಡುಹಿಡಿದ ರಾಂಟ್‌ಜನ್ ಭೌತಶಾಸ್ತ್ರದ ಬಹುಮಾನ ಪಡೆದರು. 1930ರಲ್ಲಿ ಅದೇ ಬಹುಮಾನ ಸಿ. ವಿ. ರಾಮನ್ ಅವರಿಗೆ ಸಂದಿತು. ಮೂರು ವರ್ಷಗಳ ನಂತರ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಇಲ್ಲೇ ನೆಲೆಸಿದರು.

ದೇಶಭೇದ ಕೂಡದೆಂದು ನೊಬೆಲ್ ಬರೆದಿಟ್ಟ ಮಾತು ಹೀಗೆ ಭಾರತವನ್ನೂ ತಲುಪಿತು. ಆ ಮಾತಿನ ಕೆಳಗಿರುವುದು ಅವರೊಬ್ಬರ ಸಹಿ ಮತ್ತು ನಾಲ್ವರ ಸಾಕ್ಷಿ. ಅದನ್ನು ಉಳಿಸಿದವರ ಹೆಸರುಗಳು ಬಹುಮಾನಿತರ ಪಟ್ಟಿಯಲ್ಲಿಲ್ಲ. ಅವರು ಕಾಪಾಡದಿದ್ದರೆ ಆ ಪಟ್ಟಿಯೇ ಇರುತ್ತಿರಲಿಲ್ಲ.